ಕಾಫಿ ಕಣಕ್ಕೆ ಕ್ಯಾಮೆರಾ: ಹಗಲು ರಾತ್ರಿ ಬಿಡದೆ ರೆಕಾರ್ಡ್ ಆಗಬೇಕಾದರೆ

ಕೊಯ್ಲು ಶುರುವಾದರೆ ಮೂಡಿಗೆರೆ, ಸಕಲೇಶಪುರದ ಕಡೆ ಎಲ್ಲರಿಗೂ ಒಂದೇ ಚಿಂತೆ: ಕಣದಲ್ಲಿ ಹರವಿದ ಕಾಫಿ ಬೆಳಗ್ಗೆ ಅಷ್ಟೇ ಇರುತ್ತದಾ? ಕ್ಯಾಮೆರಾ ಅಂಗಡಿಯವರು ಮೋಷನ್ ರೆಕಾರ್ಡಿಂಗ್ (ಏನಾದರೂ ಅಲುಗಾಡಿದಾಗ ಮಾತ್ರ ರೆಕಾರ್ಡ್ ಆಗುವುದು) ಸಾಕು ಅನ್ನುತ್ತಾರೆ. ಕಣಕ್ಕೆ ಅದು ಸಾಲದು. ಗಾಳಿಗೆ ಟಾರ್ಪಾಲು ಪಟಪಟ ಅಂದರೂ ರೆಕಾರ್ಡ್ ಆಗುತ್ತದೆ, ದೂರದ ಕತ್ತಲಲ್ಲಿ ಆಳು ನಿಧಾನಕ್ಕೆ ನಡೆದರೆ ಒಂದೊಂದು ಸಲ ಬಿಟ್ಟೇ ಹೋಗುತ್ತದೆ.

ಮೊದಲು ಡಿವಿಆರ್ (ಕ್ಯಾಮೆರಾಗಳ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ) ಬಿಚ್ಚಿ ಹಾರ್ಡ್ ಡಿಸ್ಕ್ ಹಾಕಿ. ಸಾಮಾನ್ಯವಾಗಿ ಅದನ್ನು ಬೇರೆಯಾಗಿಯೇ ಕೊಳ್ಳಬೇಕು. ಹಳೆ ಕಂಪ್ಯೂಟರಿನದ್ದು ಹಾಕಬೇಡಿ, ದಿನವಿಡೀ ಬರೆಯುತ್ತಲೇ ಇರುವ ಕೆಲಸಕ್ಕೆ ಸರ್ವೇಲೆನ್ಸ್ ಡಿಸ್ಕ್ ಅಂತಲೇ ಸಿಗುತ್ತದೆ. ಪವರ್ ತೆಗೆದಿಟ್ಟು ಎರಡು ವೈರು ಚುಚ್ಚಿ, ಸ್ಕ್ರೂ ಬಿಗಿ ಮಾಡಿ, ಆನ್ ಆದ ಮೇಲೆ ಮೆನುವಿನಲ್ಲಿ ಫಾರ್ಮ್ಯಾಟ್ ಕೊಡಿ.

ಇನ್ನು ವೈರಿಂಗ್. ಎಲ್ಲರೂ ಎಡವುವುದು ಇಲ್ಲೇ. 3+1 ಕೇಬಲ್‌ನ ದಪ್ಪ ವೈರು ವಿಡಿಯೋಗೆ, ಸಣ್ಣ ವೈರುಗಳು ಕರೆಂಟಿಗೆ. ವಿಡಿಯೋ ವೈರಿನ ತುದಿಗೆ ಬಿಎನ್‌ಸಿ ಕನೆಕ್ಟರ್ (ಡಿವಿಆರ್‌ಗೆ, ಕ್ಯಾಮೆರಾಗೆ ಸಿಕ್ಕಿಸುವ ಪಿನ್ನು) ಹಾಕುವಾಗ ಸುತ್ತಲಿನ ಜಾಲರಿಯ ಒಂದೇ ಒಂದು ಎಳೆ ನಡುವಿನ ತಾಮ್ರಕ್ಕೆ ತಾಗಿದರೂ ಚಿತ್ರ ಬರುವುದಿಲ್ಲ. ಬೆಳಕಿಗೆ ಹಿಡಿದು ನೋಡಿ, ತಾಗುತ್ತಿದ್ದರೆ ಕತ್ತರಿಸಿ ಹೊಸದಾಗಿ ಹಾಕಿ.

ಮನೆಯಿಂದ ಕಣ ದೂರ ಇದ್ದರೆ ಇನ್ನೊಂದು ತಲೆನೋವಿದೆ. ಸಣ್ಣ ವೈರಿನಲ್ಲಿ ಅಷ್ಟು ದೂರ ಹೋಗುವಷ್ಟರಲ್ಲಿ ಅಡಾಪ್ಟರ್ ಕೊಡುವ 12 ವೋಲ್ಟ್ ಕಡಿಮೆಯಾಗಿರುತ್ತದೆ. ಹಗಲು ಗೊತ್ತಾಗುವುದಿಲ್ಲ, ಯಾಕೆಂದರೆ ಕ್ಯಾಮೆರಾದ ಐಆರ್ ದೀಪಗಳು (ಕತ್ತಲಲ್ಲೂ ಚಿತ್ರ ಕಾಣಿಸುವ ಇನ್‌ಫ್ರಾರೆಡ್ ದೀಪಗಳು) ಉರಿಯುವುದು ಕತ್ತಲಾದ ಮೇಲೆ. ಆಗ ಕರೆಂಟ್ ಜಾಸ್ತಿ ಎಳೆದು ಕ್ಯಾಮೆರಾ ಆಫ್ ಆಗಿ ಆನ್ ಆಗುತ್ತಿರುತ್ತದೆ, ನೀವು ಡಿವಿಆರ್ ಕೆಟ್ಟಿದೆ ಅಂದುಕೊಳ್ಳುತ್ತೀರಿ. ರಾತ್ರಿ ಹೊತ್ತು ಕ್ಯಾಮೆರಾ ತುದಿಯಲ್ಲಿ ಮಲ್ಟಿಮೀಟರ್ ಹಿಡಿಯಿರಿ, ವೋಲ್ಟೇಜ್ ಚೆನ್ನಾಗಿ ಇಳಿದಿದ್ದರೆ ಕಣದ ಗೋಡೌನಿನಲ್ಲೇ ಒಂದು ಅಡಾಪ್ಟರ್ ಇಡಿ.

ಸೆಟ್ಟಿಂಗ್ ಸುಲಭ. ರೆಕಾರ್ಡ್ ಶೆಡ್ಯೂಲ್‌ಗೆ ಹೋಗಿ ಏಳೂ ದಿನ, 24 ಗಂಟೆಯೂ ಕಂಟಿನ್ಯೂಯಸ್ ಮಾಡಿ (ಕೆಲವು ಕಂಪನಿಯವರು ಇದನ್ನೇ ಜನರಲ್ ಅನ್ನುತ್ತಾರೆ). ಓವರ್‌ರೈಟ್ (ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದು ಬರೆಯುವುದು) ಆನ್ ಇರಲಿ, ಇಲ್ಲದಿದ್ದರೆ ಡಿಸ್ಕ್ ತುಂಬಿದ ದಿನವೇ ರೆಕಾರ್ಡಿಂಗ್ ನಿಲ್ಲುತ್ತದೆ. ತಾರೀಖು, ಟೈಮು ಸರಿ ಮಾಡಿ, ಪಾಸ್‌ವರ್ಡ್ ಬದಲಾಯಿಸಿ.

ಎಷ್ಟು ದಿನ ಉಳಿಯುತ್ತದೆ? ಒಂದು ಕ್ಯಾಮೆರಾಗೆ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ ಬರೆಯುತ್ತದೆ ಅನ್ನುವ ಲೆಕ್ಕ) 2 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 2 ಮೆಗಾಬಿಟ್, ಇಟ್ಟರೆ ದಿನಕ್ಕೆ ಸುಮಾರು 21 ಜಿಬಿ ಬೇಕು. ನಾಲ್ಕು ಕ್ಯಾಮೆರಾಗೆ 1 ಟಿಬಿ ಡಿಸ್ಕ್ ಸುಮಾರು 11 ದಿನಕ್ಕೆ ಬರುತ್ತದೆ. ವಿಡಿಯೋವನ್ನು ಹೆಚ್ಚು ಕುಗ್ಗಿಸಿಡುವ ಎಚ್.265 ಅನ್ನುವ ವಿಧಾನ ನಿಮ್ಮ ಡಿವಿಆರ್‌ನಲ್ಲಿ ಇದ್ದರೆ ಅದನ್ನೇ ಆರಿಸಿ ಬಿಟ್‌ರೇಟ್ ಇಳಿಸಿ, ಚಿತ್ರ ಹೆಚ್ಚು ಕೆಡದೆ ಇನ್ನಷ್ಟು ದಿನ ಸಿಗುತ್ತದೆ.

ಡಿವಿಆರ್ ಜೊತೆ ಕ್ಯಾಮೆರಾದ ಅಡಾಪ್ಟರನ್ನೂ ಇನ್ವರ್ಟರ್‌ಗೆ ಕೊಡಿ, ಒಂದಕ್ಕೆ ಮಾತ್ರ ಕೊಟ್ಟರೆ ಏನು ಬಂತು? ಗುಡುಗು ಮಳೆ ಬರುವ ಮುಂಚೆ ಪ್ಲಗ್ ಜೊತೆ ಕ್ಯಾಮೆರಾ ಕೇಬಲ್‌ಗಳನ್ನೂ ಕಳಚಿಡಿ, ಸಿಡಿಲು ಅವುಗಳ ಮೂಲಕವೂ ಬರುತ್ತದೆ. ಲೆನ್ಸ್ ಮುಂದೆ ಜೇಡ ಬಲೆ ಕಟ್ಟಿದರೆ ರಾತ್ರಿ ಬರೀ ಬೆಳ್ಳಗೆ ಕಾಣುತ್ತದೆ, ಆಗಾಗ ಒರೆಸುತ್ತಿರಿ.

ಮಾರನೇ ದಿನ ಪ್ಲೇಬ್ಯಾಕ್ ತೆಗೆದು ರಾತ್ರಿ ಎರಡು ಗಂಟೆಯದ್ದು ನೋಡಿ. ಪರದೆಯ ಕೆಳಗೆ ಕಾಣುವ ಸಮಯದ ಗೆರೆಯಲ್ಲಿ ಎಲ್ಲೂ ಖಾಲಿ ಜಾಗ ಇರಬಾರದು. ಕಳವು ಏನಾದರೂ ಕಂಡರೆ ಅವತ್ತೇ ಆ ತುಣುಕನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ, ಓವರ್‌ರೈಟ್ ಯಾರಿಗೂ ಕಾಯುವುದಿಲ್ಲ.