ಸೆಟ್ ಎಣಿಸಿದ ಮೇಲೆ ಆಟೋಕ್ಲೇವ್ ಸರಿಹೋಯಿತು

ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಸಿಎಸ್‌ಎಸ್‌ಡಿ, ಅಂದರೆ ಸಾಮಾನಿನ ಕ್ರಿಮಿ ಕೊಂದು ಸ್ಟೆರೈಲ್ ಮಾಡುವ ವಿಭಾಗ, ನೋಡಿಕೊಳ್ಳುತ್ತೇನೆ. ಓಟಿ (ಆಪರೇಷನ್ ಥಿಯೇಟರ್), ಲೇಬರ್ ರೂಮ್, ವಾರ್ಡುಗಳಿಂದ ಬರುವ ಇನ್‌ಸ್ಟ್ರುಮೆಂಟ್ ತೊಳೆದು, ಪ್ಯಾಕ್ ಮಾಡಿ, ಆಟೋಕ್ಲೇವ್ (ಒತ್ತಡದ ಉಗಿಯಲ್ಲಿ ಕ್ರಿಮಿ ಕೊಲ್ಲುವ ಮೆಷಿನ್) ಮಾಡಿಸಿ ವಾಪಸ್ ಕಳಿಸುವ ಕೆಲಸ. ಓಟಿ ಸ್ಟೋರಿನ ಲೆಕ್ಕವೂ ನನ್ನ ತಲೆ ಮೇಲೇ ಇದೆ. ಇವೆರಡೂ ಬೇರೆ ಬೇರೆ ಕೆಲಸ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ನಾನು ಕಂಡ ಮಟ್ಟಿಗೆ, ಸಾಮಾನು ಸಾಲದೆ ಹೋದಾಗಲೇ ಸ್ಟೆರಿಲೈಸೇಶನ್ ಕೆಡುವುದು.

ಸಿಸೇರಿಯನ್ ಸೆಟ್ (ಒಂದು ಆಪರೇಷನ್ನಿಗೆ ಬೇಕಾದ ಸಾಮಾನೆಲ್ಲ ಸೇರಿದ್ದು) ಎರಡೇ ಇವೆ ಎಂದುಕೊಳ್ಳಿ. ಮೂರನೇ ಕೇಸ್ ಬಂತು. ಓಟಿಯಿಂದ ಫೋನ್: "ಇನ್ನಾ ಎಷ್ಟೊತ್ರಿ ಸಿಸ್ಟರ್? ಪೇಷೆಂಟ್ ಟೇಬಲ್ ಮ್ಯಾಲ ಅದಾರ." ಆಗ ತೊಳೆಯುವುದು ಅರ್ಧಂಬರ್ಧ, ಒಣಗಿಸುವುದು ಇಲ್ಲವೇ ಇಲ್ಲ. ನಮ್ಮ ಮೆಷಿನ್ನಿನಲ್ಲಿ 134 ಡಿಗ್ರಿಯಲ್ಲಿ ಹಿಡಿಯುವ ಸಮಯ 4 ನಿಮಿಷ ಅಷ್ಟೇ. ಆದರೆ ಗಾಳಿ ಎಳೆಯುವುದು, ಬಿಸಿಯಾಗುವುದು, ಕೊನೆಗೆ ಒಣಗುವುದು ಎಲ್ಲ ಸೇರಿದರೆ ಹತ್ತಿರ ಹತ್ತಿರ ಒಂದು ಗಂಟೆ. ಅವಸರದಲ್ಲಿ ಮೊದಲು ಕತ್ತರಿ ಬೀಳುವುದು ಒಣಗುವ ಸಮಯಕ್ಕೆ. ಪ್ಯಾಕ್ ಒದ್ದೆಯಾಗೇ ಹೊರಗೆ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಹೊರಗಿನ ಕ್ರಿಮಿ ಸಲೀಸಾಗಿ ಒಳಗೆ ಇಳಿಯುತ್ತದೆ. ಅಂಥ ಪ್ಯಾಕನ್ನು ಸ್ಟೆರೈಲ್ ಎಂದು ಲೆಕ್ಕಕ್ಕೆ ಹಿಡಿಯುವ ಹಾಗೇ ಇಲ್ಲ.

ಅದಕ್ಕೇ ಮೆಷಿನ್ ಸುದ್ದಿಗೆ ಹೋಗುವ ಮೊದಲು ಎಣಿಕೆಗೆ ಕೂತೆ. ಇದ್ದಬದ್ದ ಇನ್‌ಸ್ಟ್ರುಮೆಂಟ್ ಎಲ್ಲ ಟೇಬಲ್ ಮೇಲೆ ಹರವಿ ಆರ್ಟರಿ (ರಕ್ತನಾಳ ಹಿಡಿಯುವ ಚಿಮಟ), ಆಲಿಸ್ (ಮಾಂಸ ಹಿಡಿಯುವ ಚಿಮಟ), ನೀಡಲ್ ಹೋಲ್ಡರ್, ಕತ್ತರಿ ಎಂದು ಗುಂಪು ಮಾಡಿದೆವು. ಲಾಕ್ ಸಡಿಲವಾದ ಆರ್ಟರಿಗಳು, ಸೂಜಿ ಹಿಡಿಯದ ನೀಡಲ್ ಹೋಲ್ಡರ್‌ಗಳು ಒಂದು ಕಡೆ. ಕಂದು ಕಲೆ ಇದ್ದವು ಇನ್ನೊಂದು ಕಡೆ. ಆ ಕಲೆ ತುಕ್ಕೋ ಬರೀ ಕಲೆಯೋ ಎಂದು ನೋಡಲು ಪೆನ್ಸಿಲ್ ಅಳಿಸುವ ರಬ್ಬರ್ ಸಾಕು. ಉಜ್ಜಿದಾಗ ಹೋಗಿ ಕೆಳಗೆ ನುಣುಪಾಗಿದ್ದರೆ ಕಲೆ. ಕೆಳಗೆ ಸಣ್ಣ ಗುಳಿ ಕಂಡರೆ ತುಕ್ಕು, ಅದನ್ನು ಸೆಟ್ಟಿನಿಂದ ತೆಗೆಯಲೇಬೇಕು.

ಆಮೇಲೆ ಲೆಕ್ಕ. ಬಳಸಿದ ಸೆಟ್ ತೊಳೆದು, ಒಣಗಿಸಿ, ಪ್ಯಾಕ್ ಆಗಿ, ಆಟೋಕ್ಲೇವ್ ಮುಗಿಸಿ, ಆರಿ, ಮತ್ತೆ ರ‍್ಯಾಕಿಗೆ ಬರಲು ಸುಮಾರು 3 ಗಂಟೆ. ಆ 3 ಗಂಟೆಯಲ್ಲಿ ಜಾಸ್ತಿ ಅಂದರೆ ಎಷ್ಟು ಸಿಸೇರಿಯನ್ ಬರಬಹುದು? 3 ಎಂದರೆ ಕನಿಷ್ಠ 3 ಸೆಟ್ ಬೇಕು. ರಿಪೇರಿಗೆ ಹೋದದ್ದು, ಕೆಳಗೆ ಬಿದ್ದದ್ದು ಎಂದು ಇನ್ನೊಂದು. ಇದನ್ನು ಒಂದು ಹಾಳೆಯಲ್ಲಿ ಬರೆದು ಡಾಕ್ಟರ್ ಮುಂದಿಟ್ಟೆ. ಸುಮ್ನೆ "ಸೆಟ್ ಸಾಲಲ್ಲ ಸರ್" ಎಂದರೆ ಯಾರೂ ಕೊಡಿಸುವುದಿಲ್ಲ. ಗಂಟೆಯ ಲೆಕ್ಕ ತೋರಿಸಿದರೆ ಕೊಡಿಸುತ್ತಾರೆ.

ನಮ್ಮ ಕಡೆ ಇನ್ನೊಂದು ಕಾಟ ನೀರು. ಶಹಾಬಾದ್, ಸೇಡಂ ಕಡೆ ನೆಲದ ತುಂಬ ಸುಣ್ಣದಕಲ್ಲು. ಬೋರಿನ ನೀರು ಗಡಸು. ಅದರಲ್ಲೇ ಕೊನೆಯ ಸಲ ಜಾಲಿಸಿದರೆ ಇನ್‌ಸ್ಟ್ರುಮೆಂಟ್ ಮೇಲೆ ಬಿಳಿ ಪುಡಿ ಕೂರುತ್ತದೆ, ಆಟೋಕ್ಲೇವ್ ಹೀಟರಿಗೆ ಉಪ್ಪು ಕಟ್ಟುತ್ತದೆ. ಈಗ ಮೊದಲ ತೊಳೆತಕ್ಕೆ ಮಾತ್ರ ಬೋರ್ ನೀರು. ಕೊನೆಯ ಜಾಲಿಕೆಗೂ ಮೆಷಿನ್ನಿಗೂ ಆರ್‌ಓ ನೀರು. ಬೇಸಿಗೆಯಲ್ಲಿ ರಕ್ತ ಬಹಳ ಬೇಗ ಒಣಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಓಟಿಯಲ್ಲೇ ಟ್ರೇ ಮೇಲೆ ಒದ್ದೆ ಟವೆಲ್ ಹಾಕಿ ಕಳಿಸಿ ಎಂದು ಹೇಳಿದ್ದೇವೆ. ಬ್ಲೀಚಿಂಗ್ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕುವ ಹಳೇ ಅಭ್ಯಾಸ ಬಿಡಿಸಲು ಸ್ವಲ್ಪ ಜಗಳವೇ ಆಯಿತು. ಕ್ಲೋರಿನ್ ಸ್ಟೀಲನ್ನು ತಿನ್ನುತ್ತದೆ. ಎನ್‌ಜೈಮ್ ದ್ರಾವಣದಲ್ಲಿ (ರಕ್ತ, ಕೊಳೆ ಕರಗಿಸುವಂಥದ್ದು) ಲಾಕ್ ಬಿಚ್ಚಿ ನೆನೆಹಾಕಿ, ನೀರಿನ ಒಳಗೇ ಬ್ರಶ್ ಹಾಕಿ ಉಜ್ಜಬೇಕು. ನೀರಿನ ಮೇಲೆ ಉಜ್ಜಿದರೆ ಮುಖಕ್ಕೆ ಸಿಡಿಯುತ್ತದೆ.

ಲೋಡ್ ಮಾಡುವಾಗ ಪ್ಯಾಕುಗಳನ್ನು ಜೋಳದ ರೊಟ್ಟಿಯಂತೆ ಒಂದರ ಮೇಲೊಂದು ಪೇರಿಸಬಾರದು. ನಿಲ್ಲಿಸಿ ಇಡಬೇಕು, ನಡುವೆ ಕೈ ಹೋಗುವಷ್ಟು ಜಾಗ ಬಿಡಬೇಕು. ಸ್ಟೀಲ್ ಕೆಳಗೆ, ಬಟ್ಟೆ ಮೇಲೆ. ಬೋಗುಣಿ ಓರೆಯಾಗಿ ಇಟ್ಟರೆ ನೀರು ನಿಲ್ಲುವುದಿಲ್ಲ. ಡ್ರೆಸ್ಸಿಂಗ್ ಡ್ರಮ್ಮಿನ (ಹತ್ತಿ, ಬಟ್ಟೆ ತುಂಬುವ ಸ್ಟೀಲ್ ಡಬ್ಬಿ) ತೂತುಗಳು ಒಳಗೆ ಹೋಗುವಾಗ ತೆರೆದಿರಬೇಕು, ಹೊರಗೆ ಬಂದ ತಕ್ಷಣ ಮುಚ್ಚಬೇಕು. ಇದು ಎಲ್ಲರಿಗೂ ಗೊತ್ತು, ಆದರೂ ರಾತ್ರಿ ಪಾಳಿಯಲ್ಲಿ ನೋಡುತ್ತಲೇ ಇರಬೇಕು.

"ಟೇಪ್ ಕರ‍್ರಗ ಆಗ್ಯದಲ್ರಿ, ಇನ್ನೇನು?" ಎಂದು ಹೊಸಬರು ಕೇಳುತ್ತಾರೆ. ಪ್ಯಾಕಿಗೆ ಅಂಟಿಸುವ ಟೇಪ್ ಕಪ್ಪಾದರೆ ಪ್ಯಾಕ್ ಮೆಷಿನ್ ಒಳಗೆ ಹೋಗಿ ಬಂದಿದೆ ಎಂದು ಅರ್ಥ, ಅಷ್ಟೇ. ಪ್ಯಾಕಿನ ನಡುವೆ ಉಗಿ ತಲುಪಿತೇ ಎಂದು ಹೇಳುವುದು ಒಳಗೆ ಇಡುವ ಇಂಡಿಕೇಟರ್ ಪಟ್ಟಿ. ಬೆಳಿಗ್ಗೆ ಮೊದಲ ಕೆಲಸ ಬೋವೀ-ಡಿಕ್ ಟೆಸ್ಟ್, ಅಂದರೆ ಬಣ್ಣ ಬದಲಾಗುವ ಹಾಳೆ ಇಟ್ಟು ಗಾಳಿ ಪೂರ್ತಿ ಹೋಗುತ್ತದೆಯೇ ಎಂದು ಖಾಲಿ ಚೇಂಬರಿನಲ್ಲಿ ನೋಡುವುದು. ಹಾಳೆಯ ನಡುವೆ ಬಣ್ಣ ಮಸುಕಾಗಿ ಉಳಿದರೆ ಗಾಳಿ ಪೂರ್ತಿ ಹೋಗಿಲ್ಲ, ಅವತ್ತು ಆ ಮೆಷಿನ್ ಬಂದ್. ವಾರಕ್ಕೊಮ್ಮೆ ಸ್ಪೋರ್ ಟೆಸ್ಟ್. ಜಿಯೋಬ್ಯಾಸಿಲಸ್ ಸ್ಟೀರೋಥರ್ಮೋಫಿಲಸ್ ಎಂಬ, ಬಿಸಿಗೆ ಸುಲಭಕ್ಕೆ ಸಾಯದ ಕ್ರಿಮಿಯ ಸ್ಪೋರ್ (ಗಟ್ಟಿ ಕವಚದ ಸುಪ್ತ ರೂಪ) ಇರುವ ಸಣ್ಣ ಸೀಸೆ. ಅದು ಸತ್ತಿದ್ದರೆ ಮೆಷಿನ್ ಸರಿ ಇದೆ. ಜೊತೆಗೆ ಆಟೋಕ್ಲೇವ್ ಮಾಡದ ಒಂದು ಸೀಸೆಯನ್ನೂ ಇನ್‌ಕ್ಯುಬೇಟರಿಗೆ ಇಡಬೇಕು. ಅದರಲ್ಲಿ ಬೆಳೆಯಲೇಬೇಕು. ಬೆಳೆಯದಿದ್ದರೆ ಸೀಸೆಗಳೇ ಹಾಳು. ಪ್ರತಿ ಪ್ಯಾಕ್ ಮೇಲೆ ತಾರೀಕು, ಲೋಡ್ ನಂಬರ್, ಪ್ಯಾಕ್ ಮಾಡಿದವರ ಹೆಸರು ಬರೆಯುತ್ತೇವೆ. ಟೆಸ್ಟ್ ಫೇಲ್ ಆದರೆ ಯಾವ ಪ್ಯಾಕ್ ವಾಪಸ್ ತರಬೇಕು ಎಂದು ಆಗಲೇ ಗೊತ್ತಾಗುತ್ತದೆ.

ಈ ಟೇಪ್, ಪಟ್ಟಿ, ಸೀಸೆ ಮುಗಿದರೆ ಇಲ್ಲಿ ಪಕ್ಕದ ಅಂಗಡಿಯಲ್ಲಿ ಸಿಗುವುದಿಲ್ಲ. ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಬರಬೇಕು. ಅದಕ್ಕೆ ಒಂದು ಸರಳ ಲೆಕ್ಕ ಇಟ್ಟಿದ್ದೇನೆ. 4 ದಿನಕ್ಕೆ ಒಂದು ರೋಲ್ ಟೇಪ್ ಖರ್ಚು, ಆರ್ಡರ್ ಕೊಟ್ಟರೆ ಬರಲು 12 ದಿನ ಎಂದುಕೊಳ್ಳಿ. ಬರುವಷ್ಟರಲ್ಲಿ 3 ರೋಲ್ ಹೋಗುತ್ತವೆ. ತಡವಾದರೆ ಎಂದು 2 ಸೇರಿಸಿ. 5 ರೋಲ್ ಉಳಿದ ದಿನ ಆರ್ಡರ್ ಹೋಗಬೇಕು. ಆ 5 ರೋಲನ್ನು ಬೇರೆ ಕವರಿಗೆ ಹಾಕಿ ಕೆಂಪು ರಬ್ಬರ್ ಬ್ಯಾಂಡ್ ಕಟ್ಟಿಡುತ್ತೇನೆ. ಬ್ಯಾಂಡ್ ಬಿಚ್ಚಿದವರೇ ಇಂಡೆಂಟ್ (ಸಾಮಾನು ಬೇಕೆಂಬ ಚೀಟಿ) ಬರೆಯಬೇಕು. ಕಂಪ್ಯೂಟರಿಗಿಂತ ಈ ಬ್ಯಾಂಡ್ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ನನ್ನ ಅಭಿಪ್ರಾಯ.

ಹೊಲಿಗೆ ದಾರದ ಸ್ಟಾಕ್ ಮೇಲಿನ ಮಹಡಿಯಲ್ಲಿತ್ತು. ವಿಕ್ರಿಲ್ ಎಂಬ ದಾರದ ಪೆಟ್ಟಿಗೆ ಮೇಲೆ 25 ಡಿಗ್ರಿ ದಾಟಬಾರದು ಎಂದು ಬರೆದಿರುತ್ತದೆ. ಮೇ ತಿಂಗಳಲ್ಲಿ ನಮ್ಮ ಊರಲ್ಲಿ 40ರ ಮೇಲೆ. ಅದನ್ನು ಓಟಿ ಪಕ್ಕದ ಎಸಿ ಕೋಣೆಗೆ ಇಳಿಸಿದೆವು. ಬೇಗ ಎಕ್ಸ್‌ಪೈರಿ ಆಗುವುದು ಮುಂದೆ, ಹೊಸದು ಹಿಂದೆ.

ಎಲುಬಿನ ಆಪರೇಷನ್ನಿಗೆ ಇಂಪ್ಲಾಂಟ್ (ಎಲುಬಿಗೆ ಕೂರಿಸುವ ಪ್ಲೇಟ್, ಸ್ಕ್ರೂ) ಸೆಟ್ಟನ್ನು ಕಂಪನಿಯ ಹುಡುಗರು ರಾತ್ರಿ ಬಸ್ಸಿಗೆ ಹಾಕಿ ಕಳಿಸುತ್ತಾರೆ. ಬೆಳಿಗ್ಗೆ ಪೆಟ್ಟಿಗೆ ಬಾಗಿಲಿಗೆ, ಪೇಷೆಂಟ್ ಆಗಲೇ ಓಟಿಗೆ. "ತೊಳ್ದೇ ಕಳ್ಸ್ಯಾರ್ರಿ ಅಕ್ಕಾ" ಎನ್ನುತ್ತಾರೆ. ಯಾವ ಆಸ್ಪತ್ರೆಯಲ್ಲಿ, ಯಾರು, ಹೇಗೆ ತೊಳೆದರೋ ನಮಗೇನು ಗೊತ್ತು? ಮತ್ತೆ ಮೊದಲಿಂದ ತೊಳೆಯಲೇಬೇಕು. ಆ ಪೆಟ್ಟಿಗೆಗಳು ಭಾರ ಬೇರೆ. 11 ಕಿಲೋ ದಾಟಿದರೆ ಒಣಗುವುದೇ ಕಷ್ಟ, ಎರಡಾಗಿ ಮಾಡುತ್ತೇವೆ. ಇಂಪ್ಲಾಂಟ್ ಲೋಡಿಗೆ ಪ್ರತಿ ಸಲ ಸ್ಪೋರ್ ಟೆಸ್ಟ್ ಇಡುತ್ತೇವೆ, ಫಲಿತಾಂಶ ಬರುವ ತನಕ ಪೆಟ್ಟಿಗೆ ಕೊಡುವುದಿಲ್ಲ. ಆಪರೇಷನ್ ಹಿಂದಿನ ದಿನ ಮಧ್ಯಾಹ್ನದೊಳಗೆ ಪೆಟ್ಟಿಗೆ ಬರದಿದ್ದರೆ ಕೇಸ್ ಮುಂದಕ್ಕೆ ಎಂಬುದಕ್ಕೆ ಆರ್ಥೋ ಸರ್ ಒಪ್ಪಿದ್ದಾರೆ. ಅವರು ಒಪ್ಪದಿದ್ದರೆ ನನ್ನ ಮಾತು ನಡೆಯುತ್ತಿರಲಿಲ್ಲ.

ಲ್ಯಾಪ್ರೋಸ್ಕೋಪಿ (ಸಣ್ಣ ತೂತಿನಿಂದ ಮಾಡುವ ಆಪರೇಷನ್) ಸಾಮಾನಿನದು ಇನ್ನೂ ಬಾಕಿ ಇದೆ. ಕೆಲವು ಕೇಬಲ್, ಲೆನ್ಸ್ ಉಗಿಗೆ ತಡೆಯುವುದಿಲ್ಲ. ಕ್ರಿಮಿ ಕೊಲ್ಲುವ ಇಟಿಓ (ಎಥಿಲೀನ್ ಆಕ್ಸೈಡ್) ಗ್ಯಾಸಿಗೆ ಹಾಕಿದರೆ ಗ್ಯಾಸ್ ಹೊರಗೆ ಹೋಗಲು ಅರ್ಧ ದಿನ ಬೇಕು, ಮತ್ತೆ ಸೆಟ್ ಸಾಲುವುದಿಲ್ಲ. ಹೆಚ್ಚು ಬಿಸಿಯಿಲ್ಲದೆ ಸ್ಟೆರೈಲ್ ಮಾಡುವ ಪ್ಲಾಸ್ಮಾ ಮೆಷಿನ್ ಕೇಳಿದ್ದೇನೆ, ಕೊಟೇಶನ್ ಬಂದಿದೆ. ಆದರೆ ಅದರಲ್ಲಿ ಕಾಟನ್ ಬಟ್ಟೆ, ಕಾಗದ ನಡೆಯುವುದಿಲ್ಲ. ಮೆಷಿನ್ ಬರುವ ಮೊದಲೇ ಪ್ಯಾಕ್ ಸುತ್ತುವ ನಾನ್-ವೋವನ್ (ನೇಯದ ಸಿಂಥೆಟಿಕ್) ಶೀಟಿಗೆ ಬೇರೆ ಸ್ಟಾಕ್ ಕಾರ್ಡ್ ತೆರೆಯಬೇಕು.