ಮೊಬೈಲ್ ಕದ್ದಾಗ ನಾನು ದೂರು ಕೊಟ್ಟ ರೀತಿ

ಕಳ್ಳತನವಾಗಿದ್ದರೆ ದೂರಿನಲ್ಲಿ ಕಳ್ಳತನ ಅಂತಲೇ ಬರೆಯಬೇಕು. ನನ್ನ ಮೊಬೈಲ್ ಹೋದಾಗ ನಾನು ಹಿಡಿದ ಹಟ ಇದೊಂದೇ. ಬಸ್ಸಿನ ನೂಕುನುಗ್ಗಲಲ್ಲಿ ಬ್ಯಾಗನ್ನು ಬ್ಲೇಡಿನಿಂದ ಕೊಯ್ದು ತೆಗೆದಿದ್ದರು. ಠಾಣೆಯಲ್ಲಿ ಮಾತ್ರ, "ಕಳೆದುಹೋಗಿದೆ ಅಂತ ಬರೆದುಕೊಡಿ, ಬೇಗ ಕೆಲಸ ಆಗುತ್ತೆ" ಅಂದರು. ನಾನು ಒಪ್ಪಲಿಲ್ಲ.

ಯಾಕೆ ಅಂದರೆ, ಕಳೆದುಹೋದ ವಸ್ತುವಿನ ರಿಪೋರ್ಟ್ ಬರೀ ಒಂದು ದಾಖಲೆ. ಅಪರಾಧ ನಡೆದಿದೆ ಅಂತ ಅದು ಹೇಳುವುದೇ ಇಲ್ಲ. ಮತ್ತೆ ಕಳ್ಳನನ್ನು ಯಾರು ಹುಡುಕಬೇಕು? ಮೊಬೈಲಿಗೆ ವಿಮೆ ಇದ್ದರೆ ವಿಮಾ ಕಂಪನಿಯವರೂ ಸಾಮಾನ್ಯವಾಗಿ ಎಫ್‌ಐಆರ್ ಕೇಳುತ್ತಾರೆ. ಎಲ್ಲಿ ಬಿತ್ತು ಅಂತ ನಿಜವಾಗಿಯೂ ಗೊತ್ತಿಲ್ಲದಿದ್ದರೆ ಕಳೆದುಹೋಗಿದೆ ಅನ್ನುವುದೇ ಸರಿ. ನನ್ನ ಕೈಯಲ್ಲಿ ಕೊಯ್ದ ಬ್ಯಾಗ್ ಇತ್ತು, ಅದನ್ನೇ ತೋರಿಸಿದೆ.

ಠಾಣೆಗೆ ಹೋಗುವ ಮೊದಲು ತಂಗಿಯ ಫೋನಿನಿಂದ ಸಿಮ್ ಬ್ಲಾಕ್ ಮಾಡಿಸಿದೆ, ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿದೆ. ಇದಕ್ಕೆ ತಡ ಮಾಡಲೇಬಾರದು. ದೂರನ್ನೂ ಅದೇ ದಿನ ಕೊಟ್ಟೆ. ತಡವಾದಷ್ಟೂ ಸಿಸಿಟಿವಿ ದೃಶ್ಯ ಅಳಿಸಿಹೋಗುವ ಸಾಧ್ಯತೆ ಜಾಸ್ತಿ.

ದೂರಿನಲ್ಲಿ ಬಸ್ಸಿನ ಮಾರ್ಗ, ಹತ್ತಿದ ಮತ್ತು ಇಳಿದ ನಿಲ್ದಾಣ, ಕೊನೆಯ ಸಲ ಫೋನ್ ನೋಡಿದ ಹೊತ್ತು, ಎಲ್ಲ ಬರೆದೆ. ಟಿಕೆಟ್ಟನ್ನೂ ಲಗತ್ತಿಸಿದೆ. ಮುಖ್ಯವಾದದ್ದು ಐಎಂಇಐ, ಅಂದರೆ ಪ್ರತಿ ಫೋನಿಗೂ ಇರುವ 15 ಅಂಕಿಯ ಸಂಖ್ಯೆ. ಡಬ್ಬದ ಮೇಲೆ ಇರುತ್ತದೆ. ಎರಡು ಸಿಮ್‌ನ ಫೋನಾದರೆ ಎರಡು ಸಂಖ್ಯೆ, ಎರಡನ್ನೂ ಬರೆಯಿರಿ. ಫೋನ್ ಕೈಯಲ್ಲಿರುವಾಗಲೇ *#06# ಒತ್ತಿ ನೋಡಿ, ಈಗಲೇ ಎಲ್ಲಾದರೂ ಬರೆದಿಡಿ.

ಬಿಲ್ಲನ್ನೂ ಒಯ್ದಿದ್ದೆ. ಅದಕ್ಕೆ ಕಾರಣವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನ ಪ್ರಕಾರ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಸಾಮಾನ್ಯ ಕಳ್ಳತನಕ್ಕೆ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕುವಂತಿಲ್ಲ. ಹಾಗಾಗಿ ಬೆಲೆಗೆ ಪುರಾವೆ ಬೇಕು. ಹಾಗಂತ ಸುಮ್ನೆ ಬೆಲೆ ಏರಿಸಿ ಬರೆಯುವುದು ತಪ್ಪು.

"ಇದು ನಮ್ಮ ಸರಹದ್ದಲ್ಲ" ಎಂಬ ಮಾತೂ ಬಂತು. ಬಿಎನ್‌ಎಸ್‌ಎಸ್, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಇದಕ್ಕೆ ಉತ್ತರವಿದೆ: ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಇದನ್ನೇ ಝೀರೋ ಎಫ್‌ಐಆರ್ ಅನ್ನುತ್ತಾರೆ. ಜಗಳಕ್ಕೆ ಹೋಗದೆ, "ಸರ್, 173ರ ಪ್ರಕಾರ ತೆಗೆದುಕೊಳ್ಳಬಹುದಲ್ವಾ?" ಅಂತ ಕೇಳಿದೆ. ಇನ್‌ಸ್ಪೆಕ್ಟರ್ ತೆಗೆದುಕೊಂಡರು. ನಿರಾಕರಿಸಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸುವ ದಾರಿ ಇತ್ತು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಹೋಗಬಹುದು. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಅದನ್ನು ಕೈಗೆ ತೆಗೆದುಕೊಂಡೇ ಹೊರಗೆ ಬಂದೆ.

ಆಮೇಲೆ ಅದೇ ನಂಬರಿಗೆ ಹೊಸ ಸಿಮ್ ಮಾಡಿಸಿದೆ. ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಫೋನ್ ಬ್ಲಾಕ್ ಮಾಡಲು ಒಟಿಪಿ ಬೇಕಲ್ಲ, ಅದಕ್ಕೆ. ದೂರಿನ ಪ್ರತಿ, ಗುರುತಿನ ಚೀಟಿ, ಐಎಂಇಐ ಹಾಕಿದರೆ ಸಾಕು. ಆಮೇಲೆ ಆ ಫೋನಿಗೆ ದೇಶದ ಯಾವ ಕಂಪನಿಯ ಸಿಮ್ ಹಾಕಿದರೂ ನೆಟ್‌ವರ್ಕ್ ಸಿಗುವುದಿಲ್ಲ. ಅಲ್ಲಿ ಸಿಗುವ ರಿಕ್ವೆಸ್ಟ್ ಐಡಿಯನ್ನು ಜೋಪಾನವಾಗಿಡಿ. ಫೋನ್ ಮರಳಿ ಸಿಕ್ಕಿದಾಗ ಬ್ಲಾಕ್ ತೆಗೆಸಲು ಅದೇ ಬೇಕಾಗುತ್ತದೆ.