ಉದ್ದದ ಮೋಟರ್‌ಹೋಮ್ ಕೊಳ್ಳುವ ಮುನ್ನ

ಅಮೆರಿಕದಲ್ಲಿ ಮೋಟರ್‌ಹೋಮ್ (ಒಳಗೇ ವಾಸಿಸುವ ವ್ಯವಸ್ಥೆಯುಳ್ಳ ವಾಹನ) ಕೊಳ್ಳಲು ಹೊರಟಿರುವವರು ಒಳಗಿನ ಸೋಫಾ, ಅಡುಗೆಕಟ್ಟೆಗಳಿಗೆ ಮನಸೋಲುವ ಮೊದಲು, ತಾವು ಹೋಗಬಯಸುವ ಜಾಗಗಳಲ್ಲಿರುವ ಉದ್ದದ ಮಿತಿಯನ್ನು ತಿಳಿದುಕೊಳ್ಳುವುದು ಒಳ್ಳೆಯದು. ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಅಪ್ಪರ್ ಪೈನ್ಸ್ ಶಿಬಿರತಾಣದಲ್ಲಿ 35 ಅಡಿಗಿಂತ ಉದ್ದದ ಮೋಟರ್‌ಹೋಮ್‌ಗೆ ಅವಕಾಶವಿಲ್ಲ. ಗ್ಲೇಸಿಯರ್ ಉದ್ಯಾನದ ಗೋಯಿಂಗ್-ಟು-ದ-ಸನ್ ರಸ್ತೆಯ ಎತ್ತರದ ಭಾಗದಲ್ಲಂತೂ ಬಂಪರ್ ಸೇರಿ 21 ಅಡಿ ಮೀರಿದ ವಾಹನವನ್ನು ಬಿಡುವುದೇ ಇಲ್ಲವಾದ್ದರಿಂದ, ಅಲ್ಲಿ 25 ಅಡಿಯದೂ 40 ಅಡಿಯದೂ ಒಂದೇ. ತಿರುಗಿಸುವಾಗ ಹಿಂಬದಿ ಚಕ್ರದಾಚೆ ಚಾಚಿಕೊಂಡ ಭಾಗವು ಎದುರು ಬದಿಗೆ ಬೀಸುವುದರಿಂದ, ಪೆಟ್ರೋಲ್ ಬಂಕಿನ ಕಂಬಕ್ಕೆ ತಗಲುವ ಭಯ ಉದ್ದದೊಂದಿಗೇ ಹೆಚ್ಚುತ್ತದೆ. ಹಿಂದೆ ಸಣ್ಣ ಕಾರೊಂದನ್ನು ಎಳೆದೊಯ್ದು, ಶಿಬಿರದಿಂದ ಅದರಲ್ಲೇ ಸುತ್ತಾಡುವವರಿಗೆ ದೊಡ್ಡದು ಒಪ್ಪೀತು. ಮನೆಯ ಮುಂದೆ ನಿಲ್ಲಿಸಲು ಬಡಾವಣೆಯ ಸಂಘ ಬಿಡದಿದ್ದರೆ, ಬೇರೆಡೆ ನಿಲ್ಲಿಸುವ ಜಾಗದ ತಿಂಗಳ ಬಾಡಿಗೆಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಸಂದೇಹವಿದ್ದರೆ ಅದೇ ಉದ್ದದ ವಾಹನವನ್ನು ಒಂದು ವಾರಾಂತ್ಯಕ್ಕೆ ಬಾಡಿಗೆಗೆ ಪಡೆದು, ರಿವರ್ಸ್‌ನಲ್ಲಿ ಶಿಬಿರದ ಜಾಗಕ್ಕೆ ನಿಲ್ಲಿಸಿ ನೋಡಿ.